ಹಳೇ ಮಿಲಿಟರಿ ನಿಸ್ಸಾನ್ ಒನ್-ಟನ್‌ಗೆ ಡೀಸೆಲ್ ಎಂಜಿನ್: ಗೇರ್ ಕಿರುಗುಟ್ಟುವುದು ನಿಂತಿದ್ದು ಹೀಗೆ

ಜಬಲ್ಪುರದಲ್ಲಿ ತಯಾರಾದ ಸೇನೆಯ ಟ್ರಕ್ ಒನ್-ಟನ್‌ನ 3956 ಸಿಸಿ ಪೆಟ್ರೋಲ್ ಎಂಜಿನ್ ಇಳಿಸಿ, ಬೇರೆ ಎಂಜಿನ್ನನ್ನು ಹಳೇ ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಹಾಕಿ ಡೀಸೆಲ್ ಕೂರಿಸಿದ ಮೇಲೆ ಬಂದ ತೊಂದರೆ: ಕ್ಲಚ್ ಪೂರ್ತಿ ತುಳಿದರೂ ಫಸ್ಟ್, ರಿವರ್ಸ್ ಕಿರುಗುಟ್ಟುತ್ತಿದ್ದವು. ಗೇರ್‌ಬಾಕ್ಸ್ ಶಾಫ್ಟಿನ ತುದಿಯನ್ನು ಕ್ರ್ಯಾಂಕ್ ಕಡೆ ಹಿಡಿಯುವ ಪೈಲಟ್ ಬೇರಿಂಗ್ ಬೇಗ ಸವೆಯುತ್ತಿತ್ತು.

ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಹೊಸದು ಹಾಕಿದ್ದು, ಪೆಡಲ್ ಫ್ರೀ ಪ್ಲೇ ಕಮ್ಮಿ ಮಾಡಿದ್ದು, ಗೇರ್ ಆಯಿಲ್ ಬದಲಿಸಿದ್ದು, ಯಾವುದೂ ಕೆಲಸಕ್ಕೆ ಬರಲಿಲ್ಲ. ಕ್ರ್ಯಾಂಕ್‌ನ (ಎಂಜಿನ್ನಿನ ಮುಖ್ಯ ಶಾಫ್ಟ್) ಸೆಂಟರಿಗೂ ಬೆಲ್ ಹೌಸಿಂಗ್‌ನಲ್ಲಿ (ಕ್ಲಚ್ ಮುಚ್ಚುವ ಕವಚ) ಗೇರ್‌ಬಾಕ್ಸ್ ಕೂರುವ ತೂತಿನ ಸೆಂಟರಿಗೂ ಹೊಂದಾಣಿಕೆ ಇಲ್ಲದಿದ್ದರೆ ಇವೆಲ್ಲ ದಂಡ.

ಗೇರ್‌ಬಾಕ್ಸ್, ಕ್ಲಚ್ ಇಳಿಸಿ. ಬೆಲ್ ಹೌಸಿಂಗ್ ಮಾತ್ರ ಬೋಲ್ಟ್ ಹಾಕಿ ಬಿಗಿಯಿರಿ. ಕೂಡುವ ಮುಖಗಳಲ್ಲಿ ಪೇಂಟ್, ಬರ್ (ಲೋಹದ ಚೂಪು ಅಂಚು) ಇರಕೂಡದು. ಮುಳ್ಳಿನಿಂದ ಸೂಕ್ಷ್ಮ ಅಳತೆ ತೋರಿಸುವ ಡಯಲ್ ಗೇಜ್‌ನ ಮ್ಯಾಗ್ನೆಟ್ ಸ್ಟ್ಯಾಂಡ್ ಫ್ಲೈವೀಲ್ ಮೇಲೆ, ಮೊನೆ ತೂತಿನ ಒಳಗೋಡೆಗೆ. ಗ್ಲೋ ಪ್ಲಗ್ (ಸಿಲಿಂಡರ್ ಬಿಸಿ ಮಾಡುವ ಪ್ಲಗ್) ಬಿಚ್ಚಿದರೆ ಕ್ರ್ಯಾಂಕ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಒಂದು ಸುತ್ತಿನಲ್ಲಿ ಮುಳ್ಳಿನ ಒಟ್ಟು ಓಡಾಟ 0.13 ಮಿಮೀ ಮೀರಬಾರದು, ಇಲ್ಲಿ 0.46 ಇತ್ತು.

ಸರಿಸಬೇಕಾದ್ದು ಅದರ ಅರ್ಧ, 0.23 ಮಿಮೀ. ಮೊನೆ ಹೆಚ್ಚು ಒಳಗೆ ಒತ್ತುವ ಕಡೆಗೇ ಹೌಸಿಂಗ್ ಸರಿಯಬೇಕು. ಇಲ್ಲಿ ಎಡವುವವರೇ ಜಾಸ್ತಿ. ಹೌಸಿಂಗ್‌ನ ಜಾಗ ಹಿಡಿದಿಡುವ ಡೋವೆಲ್ ಪಿನ್ ಕಿತ್ತು, ಬೋಲ್ಟ್ ಅರೆಬಿಗಿ ಇಟ್ಟು, ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿಗಿದು ಮತ್ತೆ ಅಳೆಯಿರಿ, ಬಿಗಿಯುವಾಗಲೂ ಜಾರುತ್ತದೆ. ಓಡಾಟ 0.08ಕ್ಕೆ ಬಂದಾಗ ಪ್ಲೇಟ್, ಹೌಸಿಂಗ್ ಎರಡರ ಪಿನ್ ತೂತನ್ನೂ ಒಟ್ಟಿಗೇ 11.8 ಡ್ರಿಲ್, ಆಮೇಲೆ ತೂತನ್ನು ನಿಖರ ಅಳತೆಗೆ ತರುವ 12 ಮಿಮೀ ರೀಮರ್ ಕೈಯಲ್ಲೇ ಆಡಿಸಿ, 10ರ ಬದಲು 12 ಮಿಮೀ ಪಿನ್ ಹೊಡೆದದ್ದಾಯಿತು. ಪೈಲಟ್ ಬೇರಿಂಗ್ ಹೊಸದನ್ನು ಇದಾದ ಮೇಲೆಯೇ ಹಾಕಿ.