ಹಗಲು ಹೊತ್ತಲ್ಲೇ ಡಿಪ್ಲಾಯ್: ಆನ್ಸಿಬಲ್ ಜೊತೆ ನನ್ನ ಅನುಭವ

ಪುಣೆಯ ಹಿಂಜೆವಾಡಿಯಲ್ಲಿ ದುಡಿಯುವವರಿಗೆ ಹೇಳಬೇಕಾಗಿಲ್ಲ, ರಿಲೀಸ್ (ಹೊಸ ಕೋಡನ್ನು ಸರ್ವರ್‌ಗಳಿಗೆ ಹಾಕೋದು) ಅಂದ್ರೆ ಶನಿವಾರ ರಾತ್ರಿ. ನಮ್ಮಲ್ಲೂ ಹಾಗೇ ಇತ್ತು. ನಾಲ್ಕು ಜನ, ಕ್ಯಾಬು, ನೈಟ್ ಅಲೋವೆನ್ಸು, ಎಲ್ಲ ಸೇರಿ ತಿಂಗಳಿಗೆ ಹೆಚ್ಚುಕಡಿಮೆ 20 ಸಾವಿರ ಇದಕ್ಕೇ ಕೈಬಿಟ್ಟು ಹೋಗುತ್ತಿತ್ತು. ಹಗಲಲ್ಲೇ ಮಾಡೋಣ ಅಂದಾಗ ನಮ್ಮ ಧಾರವಾಡದ ಸೀನಿಯರ್, "ನೌಕರಿ ಕಳ್ಕೋತೀರಿ ನೋಡ್ರಿ" ಅಂದರು.

ನಾವು ಬಳಸೋದು ಆನ್ಸಿಬಲ್, ಒಂದೇ ಕಡೆಯಿಂದ ಹಲವು ಸರ್ವರ್‌ಗಳಲ್ಲಿ ಕೆಲಸ ಮಾಡಿಸುವ ಟೂಲ್. ಅದು ಮಾಡಬೇಕಾದ ಕೆಲಸಗಳ (ಟಾಸ್ಕ್) ಪಟ್ಟಿಯೇ ಪ್ಲೇಬುಕ್. ನಮ್ಮ ಹಳೆಯದು ಹೆಸರಿಗಷ್ಟೇ ಪ್ಲೇಬುಕ್. ಒಳಗೆ ಒಂದೇ ಶೆಲ್ ಟಾಸ್ಕ್, ಅದು ಓಡಿಸುವುದು ಇನ್ನೂರು ಸಾಲಿನ ಸ್ಕ್ರಿಪ್ಟ್. ಏನೂ ಬದಲಾಗದಿದ್ದರೂ ಪ್ರತಿ ಸಲ ‘ಚೇಂಜ್ಡ್’. ಅದನ್ನು ಬಿಡಿಸಿ ಸಣ್ಣ ಸಣ್ಣ ಟಾಸ್ಕ್ ಮಾಡಿದೆ. ಉಳಿದ ಒಂದೆರಡು ಶೆಲ್‌ಗೆ ನಿಜವಾಗಿ ಬದಲಾದಾಗ ಮಾತ್ರ ಹಾಗೆ ಹೇಳಲಿ ಅಂತ ‘ಚೇಂಜ್ಡ್ ವೆನ್’ ಹಾಕಿದೆ. ಎಂಟು ಮಷಿನ್, ‘ಸೀರಿಯಲ್’ 2, ಅಂದರೆ ಎರಡೆರಡು ಮಷಿನ್‌ನ ಬ್ಯಾಚು.

ಪೆಟ್ಟು ಬಿದ್ದಿದ್ದೇ ಅಲ್ಲಿ. ಬ್ಯಾಚಿನ ಒಂದು ಮಷಿನ್ ಫೇಲಾದರೂ ಆನ್ಸಿಬಲ್ ಆರಾಮಾಗಿ ಮುಂದಿನ ಬ್ಯಾಚಿಗೆ ಹೋಯಿತು. ಬ್ಯಾಚು ಪೂರ್ತಿ ಮಲಗಿದರೆ ಮಾತ್ರ ಅದು ತಾನಾಗಿ ನಿಲ್ಲುವುದು. ಶೇಕಡಾ ಎಷ್ಟು ಫೇಲಾದರೆ ನಿಲ್ಲಬೇಕು ಅನ್ನೋ ‘ಮ್ಯಾಕ್ಸ್ ಫೇಲ್ ಪರ್ಸೆಂಟೇಜ್’ 50 ಕೊಟ್ಟು ನೋಡಿದೆ, ಆಗಲೂ ನಿಲ್ಲಲಿಲ್ಲ, ಯಾಕಂದ್ರೆ ಆ ಅಂಕಿ ದಾಟಬೇಕು, ಸಮ ಆದರೆ ಸಾಲದು. ಈಗ 0.

ಇದಕ್ಕಿಂತ ಜಾಸ್ತಿ ತಲೆ ತಿಂದಿದ್ದು ಹೆಲ್ತ್ ಚೆಕ್, ಅಂದರೆ ಆ್ಯಪ್ ಸರಿಯಾಗಿ ಓಡ್ತಿದೆಯಾ ಅನ್ನೋ ಪರೀಕ್ಷೆ. ಎಲ್ಲ ಹಸಿರು, ಆದರೆ ಐದು ನಿಮಿಷಕ್ಕೆ ಆ್ಯಪ್ ಡೌನ್! ಕಾನ್ಫಿಗ್ ಬದಲಾದಾಗ ರೀಸ್ಟಾರ್ಟ್‌ಗೆ ‘ನೋಟಿಫೈ’ ಇತ್ತು, ಸರಿ. ಆದರೆ ನೋಟಿಫೈ ಕರೆಯುವ ಹ್ಯಾಂಡ್ಲರ್ (ಇಲ್ಲಿ ರೀಸ್ಟಾರ್ಟ್) ಓಡುವುದು ಟಾಸ್ಕ್‌ಗಳೆಲ್ಲ ಮುಗಿದ ಮೇಲೆ ಅಲ್ವಾ? ಅಂದರೆ ನನ್ನ ಹೆಲ್ತ್ ಚೆಕ್ ಹಳೇ ಪ್ರೊಸೆಸ್ಸನ್ನೇ ಮಾತಾಡಿಸಿ 200 (ಎಲ್ಲ ಸರಿ) ಬಂತು ಅಂತ ಖುಷಿಪಡುತ್ತಿತ್ತು. ಚೆಕ್‌ಗೆ ಮುಂಚೆ ಹ್ಯಾಂಡ್ಲರ್‌ಗಳನ್ನು ಆಗಲೇ ಓಡಿಸುವ ‘ಮೆಟಾ ಫ್ಲಶ್ ಹ್ಯಾಂಡ್ಲರ್ಸ್’ ಅನ್ನೋ ಒಂದು ಸಾಲು, ಆಮೇಲೆ ಸರಿ ಉತ್ತರ ಬರೋ ತನಕ ಅಂತ ‘ಅಂಟಿಲ್’ ಜೊತೆ ಒಂದಷ್ಟು ರೀಟ್ರೈ. ಅಷ್ಟೇ. ಇದನ್ನು ಹಿಡಿಯೋಕೆ ಕ್ಲೌಡಿನಲ್ಲಿ ಬಾಡಿಗೆ ಮಷಿನ್ ಇಟ್ಟುಕೊಂಡು ಆಡಿದ್ದೆ, ಬಿಲ್ 6 ಸಾವಿರ ಚಿಲ್ಲರೆ ಬಂತು. ಮ್ಯಾನೇಜರ್ ಮುಖ ಗಂಟಿಕ್ಕಿದರು, ಒಂದೇ ತಿಂಗಳಲ್ಲಿ ವಸೂಲಾಯಿತು.

ನಡುವೆ ಸುಮ್ನೆ ಸ್ಪೀಡಿನ ಹುಚ್ಚೂ ಹಿಡಿದಿತ್ತು. ಒಟ್ಟಿಗೆ ಎಷ್ಟು ಮಷಿನ್ ಮೇಲೆ ಓಡಬೇಕು ಅನ್ನೋ ‘ಫೋರ್ಕ್ಸ್’ 5ರಿಂದ 30ಕ್ಕೆ ಏರಿಸಿದೆ. ಎರಡೆರಡೇ ಮಷಿನ್ ಓಡುವಾಗ ಅದರಿಂದ ಏನೂ ಗಿಟ್ಟಲ್ಲ. ಕೆಲಸಕ್ಕೆ ಬಂದಿದ್ದು ಸರ್ವರ್ ಜೊತೆಗಿನ ಓಡಾಟ ಕಡಿಮೆ ಮಾಡುವ ಪೈಪ್‌ಲೈನಿಂಗ್. ಹನ್ನೊಂದು ನಿಮಿಷದ್ದು ಏಳರ ಹತ್ತಿರ ಬಂತು. ಹಳೇ ಸರ್ವರ್‌ಗಳ ಸುಡೋಅರ್ಸ್ (ಸುಡೋ ಅನುಮತಿಗಳ) ಫೈಲಿನಲ್ಲಿ ‘ರಿಕ್ವೈರ್‌ಟಿಟಿವೈ’ ಇದ್ದರೆ ಮೊದಲು ಅದನ್ನು ತೆಗೆಯಿರಿ, ಇಲ್ಲದಿದ್ದರೆ ಪೈಪ್‌ಲೈನಿಂಗ್ ಓಡಲ್ಲ.

ಮೊದಲ ಬ್ಯಾಚಿಗೆ ಯಾವ ಮಷಿನ್ ಹಾಕಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನಿಲ್ಲಿ ಬಿಚ್ಚಲ್ಲ. ಆರು ತಿಂಗಳಿಂದ ಮಂಗಳವಾರ ಮಧ್ಯಾಹ್ನ ಊಟ ಆದಮೇಲೆ ರಿಲೀಸು, ಗಿರಾಕಿಯ ಒಂದು ಫೋನೂ ಇಲ್ಲ.

ಡೇಟಾಬೇಸ್ ಮೈಗ್ರೇಶನ್ (ಟೇಬಲ್‌ಗಳ ರಚನೆ ಬದಲಿಸೋದು) ಮಾತ್ರ ಬೇರೆ ‘ಪ್ಲೇ’ಯಲ್ಲಿ, ಅಂದರೆ ಪ್ಲೇಬುಕ್ಕಿನ ಬೇರೆ ಭಾಗದಲ್ಲಿ ಇಡಿ. ಒಂದೇ ಸಲ ಓಡಿಸೋಕೆ ‘ರನ್ ಒನ್ಸ್’ ಇದೆಯಲ್ಲ ಅಂತ ನಂಬಬೇಡಿ, ಸೀರಿಯಲ್ ಇದ್ದರೆ ಅದು ಬ್ಯಾಚಿಗೊಂದು ಸಲ ಓಡುತ್ತದೆ. ದೊಡ್ಡ ಟೇಬಲ್ ಲಾಕ್ ಆಗುವಂಥದ್ದಿದ್ದರೆ ನಾವೂ ಇನ್ನೂ ರಾತ್ರಿಯೇ ಮಾಡುವುದು.