ಉಪವಾಸ ಬಿಟ್ಟೆ, ಕೆಲಸ ಆಯ್ತು: ಹದಿಹರೆಯದವರ ಲಿಪಿಡ್ (ರಕ್ತದ ಕೊಬ್ಬಿನ) ಟೆಸ್ಟ್, ನನ್ನ ಅನುಭವ

"ಉಂಡು ಬಂದವರ ಲಿಪಿಡ್ ನೋಡಿ ಏನ್ರೀ ಮಾಡ್ತೀರಾ?" ಅಂತ ಜೊತೆಯ ಮಕ್ಕಳ ಡಾಕ್ಟರುಗಳು ನಕ್ಕಿದ್ದರು. ಅವರಲ್ಲೇ ಇಬ್ಬರು ಈಗ ನನ್ನ ಟೆಸ್ಟ್ ಫಾರಂ ಇಸ್ಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ರಾತ್ರಿಯಿಂದ ಖಾಲಿ ಹೊಟ್ಟೆ ಅನ್ನುತ್ತಿದ್ದೆ. ಅರ್ಧಕ್ಕರ್ಧ ಮಕ್ಕಳು ಬರುತ್ತಲೇ ಇರಲಿಲ್ಲ. ಬಂದವರಲ್ಲೂ ಕೆಲವರು ಏನೋ ತಿಂದು ಬಾಯಿ ಒರೆಸಿಕೊಂಡು "ನೀರು ಮಾತ್ರ ಡಾಕ್ಟ್ರೇ" ಅನ್ನೋರು. ತಿಂದಿದ್ದರಿಂದ ಟ್ರೈಗ್ಲಿಸರೈಡ್ (ರಕ್ತದ ಒಂದು ಬಗೆಯ ಕೊಬ್ಬು) ಏರಿ, ಅದನ್ನು ಹಿಡಿದೇ ಮಾಡುವ ಫ್ರೀಡ್‌ವಾಲ್ಡ್ ಅನ್ನೋ ಲೆಕ್ಕದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಸುಮ್ನೆ ಕಡಿಮೆ ತೋರಿಸೋದು. ಆಮೇಲೆ ಬೆರಳು ಚುಚ್ಚುವ ಮೆಷಿನ್ ತಂದೆ. ಮೆಷಿನ್‌ಗಿಂತ ಸ್ಟ್ರಿಪ್‌ಗೇ ಜಾಸ್ತಿ ದುಡ್ಡು ಹೋಯ್ತು, ಅದರಲ್ಲಿ ಒಂದು ಡಬ್ಬಿ ಪೂರಾ ಡೇಟ್ ಮುಗಿದು ಕಸಕ್ಕೆ. ತಣ್ಣಗಿರುವ ಬೆರಳನ್ನು ಹಿಂಡಿ ಹಿಂಡಿ ತೆಗೆದ ರಕ್ತದ ರೀಡಿಂಗ್ ನಂಬೋ ಹಾಗೂ ಇರಲಿಲ್ಲ.

ಈಗ ಮಾಡೋದು ಇಷ್ಟೇ. ಮಗು ಯಾವ ಕಾರಣಕ್ಕೆ ಬಂದರೂ ಆಗಲೇ ರಕ್ತ. ಟೋಟಲ್ ಕೊಲೆಸ್ಟ್ರಾಲ್, ಮತ್ತೆ ಒಳ್ಳೆಯದು ಅನ್ನೋ ಎಚ್‌ಡಿಎಲ್, ಎರಡೇ. ಊಟದಿಂದ ಇವೆರಡೂ ಅಷ್ಟಾಗಿ ಅಲುಗಾಡುವುದಿಲ್ಲ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ನಾನ್-ಎಚ್‌ಡಿಎಲ್. ಅದು 145 (mg/dL ಲೆಕ್ಕದಲ್ಲಿ) ಮುಟ್ಟಿದರೆ, ಅಥವಾ ಎಚ್‌ಡಿಎಲ್ 40ಕ್ಕಿಂತ ಕೆಳಗಿದ್ದರೆ, ಅವರನ್ನು ಮಾತ್ರ ಉಪವಾಸಕ್ಕೆ ಕರೆಯುತ್ತೇನೆ. ಅದೂ ಎರಡು ಸಲ, ನಡುವೆ ಎರಡು ವಾರವಾದರೂ ಬಿಟ್ಟು, ಸರಾಸರಿ ತೆಗೆದು. ಲ್ಯಾಬ್ ಬಿಲ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನಕ್ಕವರಿಗೆ 2011ರ ಅಮೆರಿಕದ ಎನ್‌ಎಚ್‌ಎಲ್‌ಬಿಐ (ಅಲ್ಲಿನ ಸರ್ಕಾರಿ ಹೃದಯ-ಶ್ವಾಸಕೋಶ-ರಕ್ತ ಸಂಸ್ಥೆ) ಗೈಡ್‌ಲೈನ್ ತೆಗೆದು ತೋರಿಸಿದೆ, ಇದೇ ಇದೆ ಅಲ್ಲಿ. ಅದರ ಪ್ರಕಾರ ಎಲ್ಲರಿಗೂ ಟೆಸ್ಟ್ 9ರಿಂದ 11ರ ವಯಸ್ಸಿನಲ್ಲಿ ಒಮ್ಮೆ, 17ರಿಂದ 21ರಲ್ಲಿ ಇನ್ನೊಮ್ಮೆ. ನಡುವೆ ಮೈನೆರೆಯುವ ಕಾಲದಲ್ಲಿ ಕೊಲೆಸ್ಟ್ರಾಲ್ ತಾನಾಗಿ ಇಳಿಯುತ್ತೆ. ಹಾಗಾಗಿ 14ರ ಹುಡುಗನ ನಾರ್ಮಲ್ ರಿಪೋರ್ಟನ್ನು ನಾನು ನಂಬಲ್ಲ, 17ಕ್ಕೆ ಮತ್ತೆ ಬಾ ಅಂತ ಬರೆದೇ ಕಳಿಸುತ್ತೇನೆ.

ದಪ್ಪ ಇರೋರಿಗೆ ಮಾತ್ರ ಸಾಕು ಅನ್ನುವವರಿಗೆ ಒಂದು ಕೇಸ್ ಹೇಳ್ತೀನಿ. ಓಟದಲ್ಲಿ ಯಾವಾಗಲೂ ಮುಂದಿರುವ ಹುಡುಗಿ, ಕಡ್ಡಿ ಹಾಗಿದ್ದಾಳೆ. ನಾನ್-ಎಚ್‌ಡಿಎಲ್ 230ರ ಆಸುಪಾಸು! ಉಪವಾಸದಲ್ಲೂ ಎಲ್‌ಡಿಎಲ್ 200 ದಾಟಿತ್ತು. ಅಪ್ಪನಿಗೆ ಚಪ್ಪಲಿ ಬಿಚ್ಚಿಸಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಟೆಂಡನ್) ಹಿಡಿದು ನೋಡಿದೆ, ಎರಡೂ ಕಡೆ ಕೊಲೆಸ್ಟ್ರಾಲ್ ಕೂತು ಗಂಟುಗಂಟಾಗಿ ದಪ್ಪ. ವಂಶದಲ್ಲಿ ಬರುವ ಎಫ್‌ಎಚ್, ಅಂದರೆ ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುವ ಕಾಯಿಲೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತೆ, ತೂಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವರ ಮನೆಯಲ್ಲಿ ಇನ್ನೂ ಮೂರ್ನಾಲ್ಕು ಜನ ಸಿಕ್ಕರು. ಇದನ್ನು ಹಿಡಿದಿದ್ದಕ್ಕೆ ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

"ಮನೆಯಲ್ಲಿ ಹಾರ್ಟ್ ಪ್ರಾಬ್ಲಂ ಇದೆಯಾ" ಅಂತ ಕೇಳಲೇಬೇಡಿ, ಇಲ್ಲ ಅಂತಾರೆ. ಗಂಡಸರಲ್ಲಿ 55, ಹೆಂಗಸರಲ್ಲಿ 65ರ ಒಳಗೆ ಯಾರು ಹೋದರು, ಹೇಗೆ ಹೋದರು ಅಂತ ಕೇಳಿ. ಅಜ್ಜಿಯ ಬಾಯಿ ಬಿಡಿಸುವ ನನ್ನ ಉಪಾಯ ಮಾತ್ರ ಇಲ್ಲಿ ಹೇಳಲ್ಲ.

ನಡುವೆ ದಾರದ ಆಟವನ್ನೂ ಆಡಿದೆ. ಎತ್ತರದಷ್ಟು ದಾರ ಅಳೆದು ಅರ್ಧಕ್ಕೆ ಮಡಚಿ ಸೊಂಟಕ್ಕೆ ಸುತ್ತೋದು. ತುದಿ ಸೇರದಿದ್ದರೆ ಸೊಂಟ ಜಾಸ್ತಿ ಅಂತ ಅರ್ಥ. ತೂಕದ ಮಾತೆತ್ತಿದರೆ ಮುಖ ಗಂಟು ಹಾಕುವ ಮಕ್ಕಳೂ ಇದಕ್ಕೆ ನಗುತ್ತಾ ನಿಲ್ಲುತ್ತಾರೆ. ಬಿಪಿ ಮತ್ತು ಟ್ರೈಗ್ಲಿಸರೈಡ್ ಏರಿದವರನ್ನು ಹುಡುಕಲು ಚೆನ್ನಾಗಿದೆ, ಆದರೆ ಆ ಓಟದ ಹುಡುಗಿ ಇದರಲ್ಲಿ ಆರಾಮಾಗಿ ಪಾಸು.

ಇನ್ನೊಂದು. ಟ್ರೈಗ್ಲಿಸರೈಡ್ ದಿಢೀರನೆ ಏರಿದ್ದರೆ ಬೈಯುವ ಮೊದಲು ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿದ್ದಾರಾ ಕೇಳಿ. ಎಲ್‌ಡಿಎಲ್ ಜಾಸ್ತಿ ಇದ್ದರೆ ಅದೇ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) ಕೂಡ ಮಾಡಿಸಿಬಿಡಿ, ಥೈರಾಯ್ಡ್ ಕಡಿಮೆಯಾದರೂ ಎಲ್‌ಡಿಎಲ್ ಏರುತ್ತೆ.