ಮಕ್ಕಳ ಆನ್‌ಲೈನ್ ಇಂಗ್ಲಿಷ್ ಕ್ಲಾಸ್: ದುಡ್ಡು ಕಟ್ಟುವ ಮೊದಲು ಒಂದು ಹಿಡಿ ಹುಣಸೆ ಬೀಜ ತಗೊಳ್ಳಿ

ಡೆಮೊ ಕ್ಲಾಸ್ ಇರುವ ದಿನ ಒಂದು ಬಟ್ಟಲು, ಒಂದು ಹಿಡಿ ಹುಣಸೆ ಬೀಜ ಇಟ್ಟುಕೊಂಡು ಮಗುವಿನ ಹಿಂದೆ ಕೂತುಕೊಳ್ಳಿ. ಮಗು ತಾನಾಗಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರೆ ಒಂದು ಬೀಜ ಬಟ್ಟಲಿಗೆ ಹಾಕಿ. ಒಂದೇ ಪದ ಹೇಳಿದರೆ ಬೀಜ ಇಲ್ಲ. ಟೀಚರ್ ಹೇಳಿದ್ದನ್ನೇ ಗಿಣಿಯ ಹಾಗೆ ತಿರುಗಿ ಒಪ್ಪಿಸಿದರೂ ಇಲ್ಲ. ಅರ್ಧ ಗಂಟೆ ಆದ ಮೇಲೆ ಬಟ್ಟಲು ನೋಡಿ.

ನನ್ನ ಮಗಳ ಕ್ಲಾಸಿನಲ್ಲಿ ನಾನು ಹೀಗೆ ಎಣಿಸಿದ ಮೊದಲ ದಿನ ಬಿದ್ದದ್ದು ನಾಲ್ಕು ಬೀಜ. ಬಣ್ಣಬಣ್ಣದ ಚಿತ್ರ ಇತ್ತು, ಕುಣಿಯುವ ಕರಡಿ ಇತ್ತು, ಟೀಚರ್ ಬಾಯಲ್ಲಿ ಪಟಪಟ ಇಂಗ್ಲಿಷ್ ಇತ್ತು, ನಮ್ಮವಳು ಮಾತ್ರ ಸಿನಿಮಾ ನೋಡುವ ಹಾಗೆ ಬಾಯಿ ಬಿಟ್ಟುಕೊಂಡು ಕೂತಿದ್ದಳು. ಮಾತು ಕಲಿಯುವುದು ಮಾತಾಡಿ, ಬರೀ ಕೇಳಿ ಅಲ್ಲ. ಬೇಸರ ಏನೆಂದರೆ ಈ ಬೀಜದ ಲೆಕ್ಕ ಹೊಳೆಯುವ ಹೊತ್ತಿಗೆ ನಾನು ದುಡ್ಡು ಕಟ್ಟಿಬಿಟ್ಟಿದ್ದೆ.

ಅದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ನಾವಿರುವುದು ಕೋಲಾರ ತಾಲ್ಲೂಕಿನ ವೇಮಗಲ್ ಹತ್ತಿರ, ಮನೆ ನಡೆಯುವುದು ಟೊಮೇಟೊ ಮತ್ತು ಎರಡು ಹಸುವಿನ ಮೇಲೆ. ಡೆಮೊ ಮುಗಿದ ಸಂಜೆಯೇ ಫೋನ್ ಬಂತು. ನಿಮ್ಮ ಮಗಳು ತುಂಬಾ ಚುರುಕು, ಈ ಆಫರ್ ಇವತ್ತು ರಾತ್ರಿಗೆ ಮುಗಿಯುತ್ತದೆ, ತಿಂಗಳಿಗೆ ಸ್ವಲ್ಪ ಸ್ವಲ್ಪ ಕಟ್ಟಿದರೆ ಸಾಕು ಅಂದರು. ಆ ವಾರ ಮಂಡಿಯಲ್ಲಿ ರೇಟ್ ಚೆನ್ನಾಗಿತ್ತು, ಹೂಂ ಅಂದುಬಿಟ್ಟೆ. ಆಮೇಲೆ ಗೊತ್ತಾಯಿತು, ಅದು ತಿಂಗಳ ಫೀಸ್ ಅಲ್ಲ, ನನ್ನ ಹೆಸರಿನಲ್ಲಿ ತೆಗೆದ ಸಾಲ. ಕ್ಲಾಸ್ ನಿಂತರೂ ಕಂತು ನಿಲ್ಲಲಿಲ್ಲ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದು ಫೀಸಾ, ಸಾಲವಾ? ಸಾಲ ಅಂದರೆ ಅಲ್ಲಿಗೆ ಮಾತು ಮುಗಿಸಿ. ಒಂದು ತಿಂಗಳಿಗೆ ಮಾತ್ರ ಕಟ್ಟಿಸಿಕೊಳ್ಳುವವರನ್ನು ಹುಡುಕಿ. ಆಟೊಮ್ಯಾಟಿಕ್ ಆಗಿ ದುಡ್ಡು ಕಟ್ ಆಗುವ ವ್ಯವಸ್ಥೆಗೆ ಒಪ್ಪಬೇಡಿ. ಇದು ನನ್ನೊಬ್ಬಳ ಬುದ್ಧಿಮಾತಲ್ಲ, ಕೇಂದ್ರ ಶಿಕ್ಷಣ ಇಲಾಖೆ 2021ರ ಡಿಸೆಂಬರ್‌ನಲ್ಲೇ ಪೋಷಕರಿಗೆ ಇದೇ ಎಚ್ಚರಿಕೆ ಕೊಟ್ಟಿತ್ತು, ನಮ್ಮ ಕಿವಿಗೆ ಬಿದ್ದಿರಲಿಲ್ಲ ಅಷ್ಟೇ. ಈಗಾಗಲೇ ಯುಪಿಐ ಆಟೊಪೇ ಕೊಟ್ಟಿದ್ದರೆ, ದುಡ್ಡು ಕಟ್ ಆಗುವ 24 ಗಂಟೆ ಮೊದಲು ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಮೆಸೇಜ್ ಬಂದ ತಕ್ಷಣ ನಿಮ್ಮ ಪೇಮೆಂಟ್ ಆ್ಯಪ್‌ನಲ್ಲಿ ಆಟೊಪೇ ಅಂತ ಇರುವ ಕಡೆ ಹೋಗಿ ರದ್ದು ಮಾಡಬಹುದು. ದುಡ್ಡು ವಾಪಸ್ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕ್ಲಾಸಿನವರ ಜೊತೆ ಮಾತಾಡಿದ್ದೆಲ್ಲ ಬರಹದಲ್ಲಿ ಇರಲಿ. ಬಾಯಿಮಾತಿನಲ್ಲಿ ಕೊಟ್ಟ ಭರವಸೆಗೆ ಸಾಕ್ಷಿ ಎಲ್ಲಿಂದ ತರುತ್ತೀರಿ?

ಇನ್ನು ಟೀಚರ್ ವಿಷಯ. ವಿದೇಶದ ಉಚ್ಚಾರಣೆ ಇರುವ ಟೀಚರ್ ಬೇಕು ಅಂತ ಹಠ ಬೇಡ. ಮಗು ಮಾತು ಬರದೆ ತಡವರಿಸಿದಾಗ ಕನ್ನಡದಲ್ಲೋ ತೆಲುಗಿನಲ್ಲೋ ಒಂದು ಮಾತು ಹೇಳಿ ಎತ್ತಿಕೊಳ್ಳುವವರು ಬೇಕು. ನಮ್ಮ ಜಿಲ್ಲೆಯಲ್ಲೇ ಕೆಜಿಎಫ್ ಇದೆ ಅನ್ನುವುದನ್ನು ನಾವು ಮರೆತುಬಿಡುತ್ತೇವೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಬ್ರಿಟಿಷರ ಕಾಲದಿಂದ ಇಂಗ್ಲಿಷ್ ಆಡುತ್ತಾ ಬಂದ ಮನೆಗಳು ಅಲ್ಲಿ ಇನ್ನೂ ಇವೆ. ನಮಗೆ ಈಗ ಸಿಕ್ಕಿರುವ ಟೀಚರ್ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವರು, ರಿಟೈರ್ ಆದವರು, ವಿಡಿಯೊ ಕಾಲ್‌ನಲ್ಲಿ ವಾರಕ್ಕೆ ಮೂರು ದಿನ ಪಾಠ, ಮೂರೇ ಮಕ್ಕಳು. ಇಂಥವರಿಗೆ ಜಾಹೀರಾತು ಇರುವುದಿಲ್ಲ. ಮಗುವಿನ ಸ್ಕೂಲ್ ಟೀಚರನ್ನೋ ಕೆಜಿಎಫ್‌ನಲ್ಲಿರುವ ನೆಂಟರನ್ನೋ ಕೇಳಿ ನೋಡಿ. ಒಂದು ಬ್ಯಾಚಿನಲ್ಲಿ ನಾಲ್ಕಕ್ಕಿಂತ ಜಾಸ್ತಿ ಮಕ್ಕಳಿದ್ದರೆ ನಾನಂತೂ ಸೇರಿಸುವುದಿಲ್ಲ. ಲೆಕ್ಕ ಹಾಕಿ, ಅರ್ಧ ಗಂಟೆಯಲ್ಲಿ ಹತ್ತು ಮಕ್ಕಳಿದ್ದರೆ ಒಬ್ಬರ ಪಾಲಿಗೆ ಮೂರು ನಿಮಿಷ, ಅದರಲ್ಲೂ ಒಂದು ನಿಮಿಷ 'ಮ್ಯೂಟ್ ತೆಗಿ ಪುಟ್ಟ' ಅನ್ನುವುದರಲ್ಲೇ ಹೋಗುತ್ತದೆ. ಆರು ವರ್ಷ ಆಗದ ಮಕ್ಕಳಿಗೆ ಆನ್‌ಲೈನ್ ಕ್ಲಾಸೇ ಬೇಡ ಅಂತ ನನ್ನ ಅಭಿಪ್ರಾಯ.

ಫೋನನ್ನು ಮಗುವಿನ ಕೈಗೆ ಕೊಡಬೇಡಿ. ಅಕ್ಕಿ ಡಬ್ಬಕ್ಕೆ ಒರಗಿಸಿ, ಕಣ್ಣಿನ ಮಟ್ಟಕ್ಕೆ ಇಡಿ. ಮೈಕ್ ಇರುವ ವೈರ್ ಇಯರ್‌ಫೋನ್ ಸಾಕು. ನೆಟ್ ಎಳೆದಾಡಿದರೆ ವಿಡಿಯೊ ಆಫ್ ಮಾಡಿ, ಧ್ವನಿ ಉಳಿಸಿಕೊಳ್ಳಿ.

ನಿಜವಾದ ಕೆಲಸ ಇರುವುದು ಕ್ಲಾಸ್ ಇಲ್ಲದ ದಿನ. ನಮಗೇ ಇಂಗ್ಲಿಷ್ ಬರಲ್ಲ, ಏನು ಹೇಳಿಕೊಡೋದು ಅಂತೀರಾ? ನಿಮ್ಮ ಮಗುವಿಗೆ ಆಗಲೇ ಎಷ್ಟು ಪದ ಗೊತ್ತು ನೋಡಿ. ಬೋರ್‌ವೆಲ್, ಮೋಟರ್, ಸ್ಟಾರ್ಟರ್, ಡ್ರಿಪ್, ಪೈಪ್, ಲೋಡ್, ಬಾಕ್ಸ್, ರೇಟ್. ಡೇರಿಗೆ ಹಾಲು ಹಾಕಲು ಹೋದರೆ ಫ್ಯಾಟ್. ಇವೆಲ್ಲ ಯಾವ ಭಾಷೆ? ಮಂಡಿಯಿಂದ ಬಂದ ಖಾಲಿ ಬಾಕ್ಸ್ ಮುಂದೆ ನಿಲ್ಲಿಸಿ, 'ದಿಸ್ ಈಸ್ ಎ ಬಾಕ್ಸ್, ದ ಬಾಕ್ಸ್ ಈಸ್ ಎಂಪ್ಟಿ' ಅಂತ ಶುರು ಮಾಡಿ. ಪದ ಅವರ ಹತ್ತಿರ ಇದೆ, ಪೋಣಿಸುವ ದಾರ ಮಾತ್ರ ಬೇಕು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಅಂತ ಎರಡನ್ನೂ ಸಲೀಸಾಗಿ ಆಡುವ ನಮ್ಮ ಕಡೆ ಮಕ್ಕಳು ಮೂರನೆಯದಕ್ಕೆ ಹೆದರಬೇಕಾಗಿಲ್ಲ.

ಅವರು ಎಡವುವ ಜಾಗ ಬೇರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, 'ನಾನು ಮಾವು ತಿಂದೆ'. ಅದನ್ನೇ ಇಟ್ಟು 'ಐ ಮ್ಯಾಂಗೊ ಏಟ್' ಅನ್ನುತ್ತಾರೆ. ನಗಬೇಡಿ, ಮಗು ಕನ್ನಡದ ನಿಯಮವನ್ನು ಸರಿಯಾಗಿಯೇ ಪಾಲಿಸಿದೆ. ತಿದ್ದದೆ, ನೀವು ಸುಮ್ನೆ 'ಓಹ್, ಯು ಏಟ್ ಎ ಮ್ಯಾಂಗೊ?' ಅಂತ ಕೇಳಿ. ಇನ್ನೊಂದು, ನಮ್ಮ ಬಾಯಿಗೆ ಪದದ ಕೊನೆಯಲ್ಲಿ ಸ್ವರ ಬೇಕು, ಬಸ್ ಹೋಗಿ ಬಸ್ಸು ಆಗುತ್ತದೆ. ಸ್ಕೂಲ್ ಮುಂದೆ ಒಂದು 'ಇ' ಸೇರಿ ಇಸ್ಕೂಲು, ಎಗ್ ಹೋಗಿ ಯೆಗ್ಗು. ಓದುವಾಗಲೂ ಅಷ್ಟೇ. ಕನ್ನಡದಲ್ಲಿ 'ಕ' ಬರೆದರೆ ಯಾವಾಗಲೂ 'ಕ'. ಇಂಗ್ಲಿಷಿನ ಸಿ ಅಕ್ಷರ ಕ್ಯಾಟ್‌ನಲ್ಲಿ 'ಕ', ಸಿಟಿಯಲ್ಲಿ 'ಸ'. ಅಕ್ಷರ 26 ಇದ್ದರೆ ಧ್ವನಿಗಳು ಸುಮಾರು 44. ಟೀಚರ್ ಎ, ಬಿ, ಸಿ ಹೆಸರನ್ನಷ್ಟೇ ಹೇಳಿಸುತ್ತಾರಾ, ಧ್ವನಿಯನ್ನೂ ಹೇಳಿಕೊಡುತ್ತಾರಾ ಅಂತ ಡೆಮೊದಲ್ಲೇ ಗಮನಿಸಿ.

ಉಚ್ಚಾರಣೆ ಪರೀಕ್ಷೆಗೆ ಫೋನೇ ಸಾಕು. ಕೀಬೋರ್ಡ್ ಭಾಷೆಯನ್ನು ಇಂಗ್ಲಿಷ್‌ಗೆ ಇಟ್ಟು, ಮೈಕ್ ಒತ್ತಿ, ಮಗುವಿಗೆ ಒಂದು ವಾಕ್ಯ ಹೇಳಲು ಬಿಡಿ. ಫೋನ್ ಸರಿಯಾಗಿ ಬರೆದರೆ ಗೆದ್ದ ಹಾಗೆ. ಒಮ್ಮೊಮ್ಮೆ ಫೋನಿಗೂ ಕಿವಿ ಕೇಳಿಸಲ್ಲ, ಅದನ್ನೂ ಹೇಳಿಬಿಡಿ, ಇಲ್ಲದಿದ್ದರೆ ಮಗು ಅಳುತ್ತದೆ. ಓದಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ಇದೆ, 2015ರಿಂದ ನಡೆಯುತ್ತಿದೆ, ದುಡ್ಡಿಲ್ಲ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ. ಮೊದಲು ಕನ್ನಡದಲ್ಲಿ ಓದಿಸಿ, ಮಾರನೇ ದಿನ ಇಂಗ್ಲಿಷಿನಲ್ಲಿ. ಕಥೆ ಗೊತ್ತಿರುವುದರಿಂದ ಅರ್ಧ ಪದಗಳ ಅರ್ಥ ತಾನಾಗಿ ಹೊಳೆಯುತ್ತದೆ. ಸ್ಕೂಲ್ ಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿ, ಅದಕ್ಕೂ ದುಡ್ಡಿಲ್ಲ.

ತಿಂಗಳಿಗೊಮ್ಮೆ ಮತ್ತೆ ಬೀಜ ತೆಗೆಯಿರಿ. ನಮ್ಮ ಬಟ್ಟಲಲ್ಲಿ ಈಗ ಇಪ್ಪತ್ತು ದಾಟುತ್ತದೆ. ಎರಡು ಮೂರು ತಿಂಗಳಾದರೂ ಹೆಚ್ಚದಿದ್ದರೆ ಟೀಚರ್ ಬದಲಿಸಿ. ಆದರೆ ಎಣಿಸುತ್ತಿರುವುದು ಮಗುವಿಗೆ ಗೊತ್ತಾಗಬಾರದು. ನಮ್ಮವಳಿಗೆ ಗೊತ್ತಾದ ದಿನ ಟೀಚರ್ ಏನು ಕೇಳಿದರೂ 'ಐ ಲೈಕ್ ಇಟ್ ಮಿಸ್, ಐ ಲೈಕ್ ಇಟ್ ಮಿಸ್' ಅಂತ ಹೇಳಿ ಬಟ್ಟಲು ತುಂಬಿಸಿಬಿಟ್ಟಳು, ಆಮೇಲೆ ಆ ಬೀಜಗಳನ್ನೇ ಎತ್ತಿಕೊಂಡು ಅಜ್ಜಿ ಜೊತೆ ಚೌಕಾಬಾರ ಆಡಲು ಹೋದಳು.